ಚುಕ್ಕಿಯ ಕೆಳಗೆ ಕಟ್ಟಿದ ಎಳೆ

ಮಕ್ಕಳೇ, ನಿಮ್ಮಜ್ಜಿಗೆ ಕಂಪ್ಯೂಟರ್ ತಿಳಿಯುವುದಿಲ್ಲ ಎಂದು ಯಾರಾದರೂ ಅಂದರೆ ನಂಬಬೇಡಿ. ನನಗೆ ತಿಳಿಯುತ್ತದೆ. ನಾನು ಹೇಳಿದ್ದು ಅದಕ್ಕೆ ತಿಳಿಯುವುದಿಲ್ಲ, ಅಷ್ಟೇ!

ನಿಮ್ಮಜ್ಜ ಚೌಕದ ಹಾಳೆಯ ಮೇಲೆ ಬರೆದ ಸೀರೆಯ ನಕ್ಷೆಗಳು ಹರಿದಾವೆಂಬ ಹೆದರಿಕೆಯಿಂದ ಅವನ್ನು ಟ್ರಂಕಿನಲ್ಲಿಟ್ಟು, ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಹೊರಡಿಸಿದವಳು ನಾನು. ನಿಮ್ಮಕ್ಕ ಕಾವ್ಯಾ ಅವುಗಳ ಫೋಟೊ ತೆಗೆದು, ಸರಿಯಾದ ಅಳತೆಗೆ ಮುದ್ರಿಸಲು ಒಂದು ಸ್ಕ್ರಿಪ್ಟ್ ಬರೆದುಕೊಟ್ಟಿದ್ದಳು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದಿಟ್ಟ ಕೆಲಸದ ಚೀಟಿ.

ಪಕ್ಕದ ಮನೆಯ ರಹಿಮತ್‌ಬೀಗೆ ಮಗಳ ಮದುವೆಗೆ ಮಾವಿನಕಾಯಿ ಸೆರಗಿನ ಸೀರೆ ಬೇಕಿತ್ತು. ಶುಕ್ರವಾರದೊಳಗೆ ನಕ್ಷೆ ಮಗ್ಗಕ್ಕೆ ಹೋಗದಿದ್ದರೆ ಹುಡುಗಿಗೆ ಅಂಗಡಿ ಸೀರೆಯೇ ಗತಿ. ಹತ್ತು ನಿಮಿಷದ ಕೆಲಸವೆಂದೆ.

ಹಳೆಯ ಲ್ಯಾಪ್‌ಟಾಪು ಕೆಟ್ಟು ಹೊಸದು ಬಂದಿತ್ತು. ಚೀಟಿ ಓಡಿಸಿದರೆ, ‘ಅಜ್ಜಿ, ಈ ಕಂಪ್ಯೂಟರಿನ ಗುರುತಿಲ್ಲ, ನಿಲ್ಲಿಸಿದ್ದೇನೆ’ ಎಂದಿತು. ಕಾವ್ಯಾ ಪರೀಕ್ಷೆಯಲ್ಲಿದ್ದಳು. ಕಂಪ್ಯೂಟರ್ ಅಂಗಡಿಯವರನ್ನು ಕೇಳಲು ನನಗೆ ನಾಚಿಕೆ. ಚೀಟಿಯನ್ನೇ ತೆರೆದೆ. ಕಂಪ್ಯೂಟರಿನ ಆವೃತ್ತಿ ಹದಿನೆಂಟಾದರೆ ಈ ಅಳತೆ, ಇಪ್ಪತ್ತಾದರೆ ಆ ಅಳತೆ ಎಂದಿತ್ತು. ಕೊನೆಗೊಂದು ಒಂಟಿ ಚುಕ್ಕಿ. ಬೇರೆ ಯಾವುದೇ ಆದರೂ ನಿಲ್ಲಿಸು ಎಂದು ಅದರ ಅರ್ಥ. ನಮ್ಮದು ಇಪ್ಪತ್ನಾಲ್ಕು.

ಬೆಟಗೇರಿಯ ನೇಕಾರರ ಮನೆಯವಳು ನಾನು. ಮಗ್ಗದ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದರೆ ಹಳೆಯದನ್ನು ಕಿತ್ತೆಸೆಯುವುದಿಲ್ಲ, ಅದರ ತುದಿಗೇ ಹೊಸ ಎಳೆಗಳನ್ನು ಗಂಟು ಹಾಕುತ್ತೇವೆ. ಆ ಶಾಸ್ತ್ರದಂತೆ ಎಲ್ಲಕ್ಕಿಂತ ಕೆಳಗೆ ಇಪ್ಪತ್ನಾಲ್ಕರ ಸಾಲು ಕಟ್ಟಿದೆ. ಮತ್ತೆ ಗುರುತಿಲ್ಲ!

ಚಹಾ ಕುಡಿಯುತ್ತಿದ್ದ ರಹಿಮತ್‌ಬೀ, “ಚುಕ್ಕಿ ಕಮ್ಮಿ ಆದ್ವೇನ್ರಿ ಅವ್ವಾರ?” ಎಂದಳು. ನಾಲ್ಕು ಚುಕ್ಕಿ ಹೆಚ್ಚಿಗೆ ಹಾಕಿದೆ. ಆಗಲಿಲ್ಲ. ಸಿಟ್ಟು ಬಂದು ಮೊದಲ ಸಾಲಿನ ಹದಿನೆಂಟನ್ನು ಅಳಿಸಿ, ಅಲ್ಲೂ ಒಂದು ಚುಕ್ಕಿ ಇಟ್ಟುಬಿಟ್ಟೆ.

ಈಗ ಅದಕ್ಕೆ ಎಲ್ಲರ ಗುರುತೂ ಸಿಕ್ಕಿತು. ಹಳೆಯ ಅಳತೆ, ಹೊಸ ಯಂತ್ರ. ಮಾವಿನಕಾಯಿಯ ತೊಟ್ಟೇ ಒಂದು ಹಾಳೆ ತುಂಬಿತು. ನಿಲ್ಲಿಸುವುದು ಹೇಗೆಂದು ನಾನು ಹುಡುಕುವಷ್ಟರಲ್ಲಿ ಪ್ರಿಂಟರಿನಿಂದ ನಲವತ್ತು ಹಾಳೆ ಹೊರಬಿದ್ದವು. ರಹಿಮತ್‌ಬೀ ಅವನ್ನು ನೆಲದ ಮೇಲೆ ಜೋಡಿಸಿ ನೋಡಿ, ಇದು ಮಾವಿನಕಾಯಿಯಲ್ಲ, ಕುಂಬಳಕಾಯಿ ಎಂದು ತೀರ್ಪು ಕೊಟ್ಟಳು.

ಗುರುವಾರ ಸಂಜೆ ಕಾವ್ಯಾ ಫೋನಿನಲ್ಲಿ ನಕ್ಕಳು. “ಅಜ್ಜಿ, ಅದು ಮ್ಯಾಲಿಂದ ಓದ್ಕೊಂತ ಬರ್ತೈತಿ. ಚುಕ್ಕಿ ಸಿಕ್ಕಲ್ಲೇ ನಿಲ್ತೈತಿ. ನೀ ಕೆಳಗ ಕಟ್ಟಿದ್ದನ್ನ ಅದು ನೋಡೂದ ಇಲ್ಲ.”

ಅವಳು ಹೇಳಿದಂತೆ ಹದಿನೆಂಟನ್ನು ಮತ್ತೆ ಬರೆದು, ನನ್ನ ಸಾಲನ್ನು ಚುಕ್ಕಿಯ ಮೇಲಕ್ಕೆ ಏರಿಸಿದೆ. ಯಂತ್ರ ಥಟ್ಟನೆ ಗುರುತು ಹಿಡಿಯಿತು. ಹಾಳೆ ಬೆಳ್ಳಗೆ ಹೊರಬಂತು. ಮಸಿಯೆಲ್ಲ ಕುಂಬಳಕಾಯಿಗೆ ಹೋಗಿತ್ತು!

ರಹಿಮತ್‌ಬೀ ಮೆಲ್ಲಗೆ ಕೇಳಿದಳು. “ಯಜಮಾನ್ರು ಕೈಲೆ ಬರದದ್ದು ಎಲ್ಲೈತ್ರಿ?”

ಲ್ಯಾಪ್‌ಟಾಪು ಎತ್ತಿದೆ. ಅದರ ಕೆಳಗಿದ್ದದ್ದೇ ಆ ಟ್ರಂಕು. ಮುಚ್ಚಳ ತೆಗೆದು ನೋಡಿದರೆ ಹಾಳೆ ಹರಿದಿರಲಿಲ್ಲ. ನಿಮ್ಮಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಗ್ಗದ ಕಡೆ ನಡೆದ.

“ಇದು ಇಲ್ಲೇ ಇತ್ತಂದ್ರ ಆ ಮಶೀನು ಯಾಕ ಬೇಕಾಗಿತ್ರಿ ಅವ್ವಾರ?”

ನಾಚಿಕೆಯಾದರೂ ಖರೆ ಹೇಳಿದೆ.

“ಟ್ರಂಕು ಯಾರೂ ತೆಗೀಬಾರ್ದಂತ ಮ್ಯಾಲ ವಜ್ಜಿ ಇಡಾಕವ್ವಾ.”