ಶವಾಸನದಿಂದ ಏಳದ ಹದಿನಾಲ್ಕು ಮಂದಿಯ ಕುರಿತು

ಮುದನಾಳದ ಸಮುದಾಯ ಭವನದಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಸರಳ ಯೋಗ ಮತ್ತು ಧ್ಯಾನ ಕಲಿಸುವ ಕಹಕಶಾ ಮೇಡಂ ಅವರಿಗೆ, ಅದೇ ಭವನದ ಬಾಗಿಲಲ್ಲಿ ಟಂಟಂ ಆಟೊ ನಿಲ್ಲಿಸಿಕೊಂಡು ಕಾಯುವ ಮರಿಲಿಂಗಪ್ಪನ ಶರಣು.

ಮಾನ್ಯರೇ, ಮೊದಲು ಖರ್ಚು ಹೇಳಿಬಿಡುತ್ತೇನೆ. ನನ್ನ ಹೆಂಡತಿ ದೇವಕಮ್ಮನ ಚಾಪೆ, ಇನ್ನೂರಾ ನಲವತ್ತು. ಒತ್ತಿ ಒತ್ತಿ ಕೆಟ್ಟ ಹಾರ್ನಿನ ರಿಪೇರಿ, ನೂರಾ ಎಂಬತ್ತು. ಎಂಟು ದಿನ ನಿಂತಲ್ಲೇ ಉರಿದ ಡೀಸೆಲ್ಲು, ಮುನ್ನೂರು. ಹತ್ತಿ ಹೊಲದ ಕಾಂತೇಶ ಸಾಹುಕಾರರು ಫೋನಿನಲ್ಲಿ ಬೈದದ್ದಕ್ಕೆ ಬೆಲೆ ಕಟ್ಟಿಲ್ಲ. ಅದನ್ನು ತಮಗೆ ಕಾಣಿಕೆಯಾಗಿ ಒಪ್ಪಿಸುತ್ತೇನೆ.

ಸೈಕಲ್ ಮೇಲೆ ಐಸ್ ಮಾರುತ್ತಿದ್ದ ನಾನು ಟಂಟಂ ಮಾಲೀಕನಾದದ್ದು ಕೂಗುವ ಬಾಯಿಯಿಂದ ಮತ್ತು ತಪ್ಪದ ಗಡಿಯಾರದಿಂದ. ಏಳಕ್ಕೆ ಹದಿನಾಲ್ಕು ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಎಂಟರೊಳಗೆ ಹತ್ತಿ ಬಿಡಿಸಲು ಇಳಿಸದಿದ್ದರೆ, ಸಾಹುಕಾರರು ಸೈದಾಪುರದ ಗಾಡಿಗೆ ಹೇಳುತ್ತಾರೆ. ಆಮೇಲೆ ನನ್ನ ಟಂಟಂಗೆ ಧ್ಯಾನವೊಂದೇ ಗತಿ.

'ಎಲ್ಲ ಹಂತದವರಿಗೂ' ಎಂದು ತಾವು ಬೋರ್ಡು ಹಾಕಿದ್ದು ದೊಡ್ಡ ಮನಸ್ಸು. ನಿಧಾನಕ್ಕೆ, ಆದಷ್ಟೇ ಬಗ್ಗಿರೆಂದು ತಾವು ಹೇಳಿದ ಮೊದಲ ದಿನವೇ, ಆ ಹದಿನಾಲ್ಕರಲ್ಲಿ ಒಬ್ಬಳಾದ ಅರವತ್ತೈದರ ತಿಮ್ಮವ್ವ ಎರಡೂ ಅಂಗೈ ನೆಲಕ್ಕೆ ಊರಿ, "ಬಗ್ಗೀನ್ರಿ, ಇಲ್ಲಿ ಏನ್ ಆರಸಬೇಕ್ರಿ?" ಎಂದು ಕೇಳಿದಳಂತೆ. ಅಲ್ಲಿಗೆ ಪಾಠ ಮುಗಿಸಬಹುದಿತ್ತು. ತಾವು ಶವಾಸನ ಕಲಿಸಿದಿರಿ.

ಐದು ನಿಮಿಷ ಮಲಗಿರೆಂದು ತಾವು ಮೆತ್ತಗೆ ಹೇಳಿದ್ದೇ ತಪ್ಪು, ಮಾನ್ಯರೇ. ಹದಿನಾಲ್ಕೂ ಮಂದಿ ಮಲಗಿದರು, ಒಬ್ಬರೂ ಏಳಲಿಲ್ಲ. ಬಾಗಿಲಲ್ಲಿ ನಿಂತು ನಾನು ಕೂಗಿದರೆ ತಿಮ್ಮವ್ವ ಕಣ್ಣೂ ಬಿಡದೆ, "ಮದುವಿ ಆದಾಗಿಂದ ಜ್ವರ ಬರದ ಹಗಲು ಮಲಗಿದಾಕಿ ಅಲ್ಲೋ ಮರಿಲಿಂಗಾ, ಇವತ್ತ ಮೇಡಮ್ಮಾರು ಮಲಗು ಅಂದಾರ" ಎಂದಳು. ಇದಕ್ಕೆ ಯಾವ ಹಾರ್ನಿನಲ್ಲಿ ಉತ್ತರ ಕೊಡಲಿ?

ಆದ್ದರಿಂದ ಏಳನೆಯ ದಿನದವರೆಗೂ ನನ್ನ ವಿನಂತಿ ಇಷ್ಟೇ ಇತ್ತು: ಆರು ಜನ ಕೂರುವ ಗಾಡಿಯಲ್ಲಿ ಹದಿನಾಲ್ಕು ಜನ ಮಲಗುವ ಆಸನವೊಂದನ್ನು ಕಂಡುಹಿಡಿದು ಕೊಡಬೇಕು. ಆಗದಿದ್ದರೆ, ಸಾಹುಕಾರರ ಕೈಗಡಿಯಾರಕ್ಕೂ ನಾಲ್ಕು ದಿನ ಪ್ರಾಣಾಯಾಮ ಕಲಿಸಬೇಕು.

ಎಂಟನೆಯ ದಿನ ನಾನು ಜಗಳಕ್ಕೆಂದೇ ಒಳಗೆ ಬಂದೆ. "ಅಣ್ಣಾರ, ನೀವೂ ಒಮ್ಮೆ ಮಲಗಿ ನೋಡ್ರಿ" ಎಂದಿರಿ. ಗಟ್ಟಿ ನೆಲದ ಮೇಲೆ ಯಾರಿಗೂ ನಿದ್ದೆ ಬರುವುದಿಲ್ಲವೆಂದು ತೋರಿಸಿಕೊಡಲೆಂದೇ ಮಲಗಿದೆ. ಎಚ್ಚರವಾದದ್ದು ನನ್ನದೇ ಹಾರ್ನಿನ ಸದ್ದಿಗೆ. ಹೊರಗೆ ಎಲ್ಲರೂ ಗಾಡಿ ಹತ್ತಿ ಕೂತಿದ್ದರು, ಡ್ರೈವರ್ ಸೀಟಿನಲ್ಲಿದ್ದ ದೇವಕಮ್ಮ, "ಏಳ್ರಿ, ಹೊತ್ತಾಗಾಕತ್ತೈತಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಹೊಲ ಮುಟ್ಟಿದಾಗ ಎಂಟೂವರೆ. ಸಾಹುಕಾರರು ಕೈಗಡಿಯಾರ ತೋರಿಸಿ, ಸಂಜೆ ತೂಕಕ್ಕೆ ತಾವೇ ಬಂದು ನಿಂತರು. ತೂಕ ನೋಡಿದರೆ, ಮಲಗಿ ಎದ್ದು ಬಂದವರ ಹತ್ತಿ ದಿನದ ಲೆಕ್ಕಕ್ಕಿಂತ ಒಂಬತ್ತು ಕಿಲೋ ಹೆಚ್ಚು. ಎರಡು ಸಲ ತೂಗಿಸಿ, "ನಾಳಿಂದ ಎಂಟೂವರಿಗೇ ಬರ್ರಿ" ಎಂದರು. ಸೈದಾಪುರದ ಗಾಡಿಯ ಮಾತು ಮತ್ತೆ ಬರಲಿಲ್ಲ.

ಯಾರಿಗೇನು ದಕ್ಕಿತೆಂದು ಬರೆದು ಮುಗಿಸುತ್ತೇನೆ. ಸಾಹುಕಾರರಿಗೆ ಒಂಬತ್ತು ಕಿಲೋ ಹತ್ತಿ. ದೇವಕಮ್ಮನಿಗೆ ಹಾರ್ನು. ತಿಮ್ಮವ್ವನಿಗೆ ಜ್ವರವಿಲ್ಲದೆ ಅರ್ಧ ಗಂಟೆ. ನನಗೆ ಒಂದು ನಿದ್ದೆ. ತಮಗೆ ಹದಿನೈದನೆಯ ಶಿಷ್ಯ.

ತಮ್ಮ ವಿಶ್ವಾಸಿ, ಚಾಪೆ ಇನ್ನೂ ಕೊಳ್ಳದ
ಮರಿಲಿಂಗಪ್ಪ, ಟಂಟಂ ಮಾಲೀಕ

ವಿ.ಸೂ.: ನಮ್ಮನ್ನೆಲ್ಲ ಮಲಗಿಸಿ, ಯಾದಗಿರಿಯ ಮುಂದಿನ ಕ್ಲಾಸಿಗೆಂದು ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸಿನ ಹಿಂದೆ ಓಡುತ್ತೀರಲ್ಲ, ಅದು ಯಾವ ಆಸನ? ನಮಗೆ ಕಲಿಸಬೇಡಿ. ಅದು ನಮಗೆ ಮೊದಲೇ ಬರುತ್ತದೆ.