ಬಂಗ್ಲೆಯೊಂದಿಗೆ ನನ್ನನ್ನೂ ಮಾರಾಟಕ್ಕಿಟ್ಟ ಬಗ್ಗೆ

ಹಳೆಯ ಬಂಗ್ಲೆಗಳನ್ನು ಹೊಸ ಗಿರಾಕಿಗಳಿಗೆ ದಾಟಿಸುವ ಪುಣ್ಯಕಾರ್ಯದಲ್ಲಿ ತೊಡಗಿರುವ ಕಂಪೆನಿಯ ಮೇನೇಜರ್ ಸುಜನ್ ಅವರ ಸನ್ನಿಧಿಗೆ, ಅಡೂರಿನಿಂದ ಹರಿನಾರಾಯಣನು ಕನ್ನಡಕ ಒರೆಸಿಕೊಂಡು, ಎರಡೂ ಕೈ ಜೋಡಿಸಿ ಬರೆದುಕೊಳ್ಳುವ ಬಹಿರಂಗ ಪತ್ರ.

ಮಾನ್ಯರೇ,

ಕಾಸರಗೋಡು ಪೇಟೆಯ ವಕೀಲರ ಬಂಗ್ಲೆ ವಾಣಿಜ್ಯ ಉಪಯೋಗಕ್ಕೆ ಮಾರಾಟಕ್ಕಿದೆ ಎಂಬ ತಮ್ಮ ಜಾಹೀರಾತು ಕಂಡು ಪರಮಾನಂದವಾಯಿತು. ‘ನೂರಹತ್ತು ವರ್ಷ ಹಳೆಯದು, ಚಿತ್ರದಲ್ಲಿ ಕಾಣುವ ಸಮಸ್ತವೂ ಸೇರಿ’ ಎಂದು ತಾವು ದೊಡ್ಡ ಅಕ್ಷರದಲ್ಲಿ ಬರೆಸಿದ್ದೀರಿ. ಚಿತ್ರದಲ್ಲಿ ಎಂಟು ಮರದ ಕಂಬ, ಬಣ್ಣದ ಗಾಜಿನ ಕಿಟಕಿ, ಕೆಂಪು ಜಗಲಿ, ಮತ್ತು ಆ ಜಗಲಿಯ ಮೇಲೆ ಹೆಗಲ ಬೈರಾಸನ್ನೇ ಹೊದ್ದು ಬಾಯಿ ತೆರೆದು ಮಲಗಿರುವ ನಾನು ಉಂಟು.

ಇದನ್ನು ವಾಟ್ಸಾಪಿನಲ್ಲಿ ಮೊದಲು ಕಂಡ ನನ್ನ ಅಳಿಯ ವಿಘ್ನೇಶ, ‘ಮಾವಾ, ನೀವು ಪಾರಂಪರಿಕ ಆಸ್ತಿ ಆಗಿಬಿಟ್ಟಿರಲ್ಲ ಮಾರಾಯ್ರೆ’ ಎಂದು ಅಭಿನಂದಿಸಿದ. ನನ್ನ ಹೆಂಡತಿ ಸೌದಾಮಿನಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ‘ಇವರನ್ನು ಸೇರಿಸಿದ್ರೆ ಬಂಗ್ಲೆಗೆ ರೇಟು ಕಮ್ಮಿ ಆಗುದಿಲ್ವಾ?’ ಎಂದು ಕೇಳಿದಳು. ಅವಳಿಗೆ ವ್ಯಾಪಾರ ತಿಳಿಯದು.

ಏಳನೇ ತರಗತಿಯಷ್ಟೇ ಓದಿದರೂ ಪತ್ರಲೇಖನದಲ್ಲಿ ಇಡೀ ಶಾಲೆಗೆ ಮೊದಲಿಗನಾಗಿದ್ದ ನಾನು ವಿನಯದಿಂದ ತಿಳಿಸುವುದೇನೆಂದರೆ, ನಾನು ಅಲ್ಲಿ ಮಲಗುವುದು ಕದ್ದುಮುಚ್ಚಿ ಅಲ್ಲ. ದೂರದ ಕಕ್ಷಿಗಾರರಿಗೆ ಬಸ್ಸು ಬರುವವರೆಗೆ ಕೂರಲು ಜಾಗ ಬೇಕೆಂದೇ ಬಂಗ್ಲೆಯ ರೆಜಿನಾಲ್ಡ್ ವಕೀಲರ ಅಜ್ಜ, ಅವರೂ ವಕೀಲರೇ, ಜಗಲಿಯನ್ನು ಅಷ್ಟುದ್ದ ಕಟ್ಟಿಸಿದ್ದು. ವಕೀಲರು ತೀರಿಕೊಂಡ ಮೇಲೂ ಅವರ ಹೆಂಡತಿ ಮಗ್ದಲಿನ್ ಬಾಯಿ, ವ್ಯಾಜ್ಯ ಇದ್ದವರಿಗೂ ಇಲ್ಲದವರಿಗೂ ಕಿಟಕಿಯಿಂದ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಡುತ್ತಿದ್ದರು. ಮೂವತ್ತೊಂದು ವರ್ಷದಿಂದ ಪ್ರತಿ ಮಂಗಳವಾರ, ಪೇಟೆಯಲ್ಲಿ ಕೆಲಸವಿದ್ದರೂ ಇಲ್ಲದಿದ್ದರೂ, ನಾಲ್ಕೂವರೆಯ ಅಡೂರು ಬಸ್ಸಿಗೆ ನಾನು ಕಾಯುವುದು ಅಲ್ಲಿಯೇ. ಮಗ್ದಲಿನ್ ಬಾಯಿ ಈಗ ಮಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಬೆಲ್ಲ ನಿಂತಿತು, ಜಗಲಿ ಇನ್ನೂ ಉಂಟು. ಅದಕ್ಕೂ ಶಟರು ಬಿದ್ದರೆ ನಾನೊಬ್ಬನೇ ಅಲ್ಲ, ಆ ದಾರಿಯ ಮೊಣಕಾಲು ನೋವಿನವರೆಲ್ಲ ಬಿಸಿಲಲ್ಲಿ ನಿಂತೇ ಬಸ್ಸು ಕಾಯಬೇಕು.

ಆದ್ದರಿಂದ ತಾವು ಕೊಟ್ಟ ಮಾತಿಗೆ ತಪ್ಪದೆ, ನನ್ನನ್ನು ಜಗಲಿ ಸಮೇತ ಕ್ರಯಪತ್ರದಲ್ಲಿ ಬರೆಸಬೇಕಾಗಿ ಪ್ರಾರ್ಥನೆ. ಬಟ್ಟೆಯಂಗಡಿಯಾದರೆ, ಸೀರೆ ಉಟ್ಟು ನಿಲ್ಲುವ ಗೊಂಬೆಗಳ ಪಕ್ಕದಲ್ಲಿ ಪಂಚೆ ಉಟ್ಟು ಮಲಗುವ ಗೊಂಬೆಯಾಗಲು ನಾನು ತಯಾರು; ಪಂಚೆ ಮಾತ್ರ ಅಂಗಡಿಯದ್ದೇ ಆಗಬೇಕು. ಚಿನ್ನದಂಗಡಿಯಾದರೆ ಕಾವಲಿಗೆ ನನ್ನ ಗೊರಕೆ ಸಾಕು, ಬಂದೂಕಿನವನು ಬೇಡ. ಆಸ್ಪತ್ರೆಯಾದರಂತೂ ಉದ್ಘಾಟನೆಗೆ ಮೊದಲೇ ಒಂದು ಹಾಸಿಗೆ ಭರ್ತಿಯಾಗಿರುವುದು ಶುಭಲಕ್ಷಣ. ನನಗೆ ಅರವತ್ತೆಂಟು ವರ್ಷವಾದ್ದರಿಂದ ನೂರಹತ್ತು ವರ್ಷ ಹಳೆಯದರ ಪಟ್ಟಿಯಿಂದ ನನ್ನ ಹೆಸರು ತೆಗೆಯಬೇಕು. ಗೋಡೆಯ ಗೂಡಿನಲ್ಲಿ ಕಾಣುವ ಹಲ್ಲಿನ ಸೆಟ್ಟು ನನ್ನ ಸ್ವಂತದ್ದು, ಅದು ಮಾರಾಟಕ್ಕಿಲ್ಲ.

ಇಂತು, ಇನ್ನೂ ಗಿರಾಕಿ ಸಿಗದ,
ತಮ್ಮ ವಿಶ್ವಾಸಿ
ಹರಿನಾರಾಯಣ, ಅಡೂರು

ತಾ.ಕ.: ಕಳೆದ ಮೂರು ಮಂಗಳವಾರಗಳಲ್ಲಿ ಬಂಗ್ಲೆ ನೋಡಲು ಬಂದ ಮೂವರಿಗೆ, ಮನೆಯ ಸಾಮಾನಾಗಿ ನನ್ನ ಕರ್ತವ್ಯವೆಂದು ತಿಳಿದು, ಅಟ್ಟದ ಹೆಜ್ಜೇನನ್ನೂ ಬೇಸಗೆಯಲ್ಲಿ ಉಪ್ಪಾಗುವ ಬಾವಿಯನ್ನೂ ನಾನೇ ತೋರಿಸಿದೆ. ಅವರು ಹೆದರಲಿಲ್ಲ. ಆಮೇಲೆ, ಬಂಗ್ಲೆಯ ಒಟ್ಟಿಗೆ ನಾನೂ ಬರುತ್ತೇನೆಂದು ತಮ್ಮ ಜಾಹೀರಾತನ್ನು ತೋರಿಸಿದೆ. ಅಂದಿನಿಂದ ಮೂವರೂ ತಾವು ಮಾಡಿದ ಫೋನು ಎತ್ತುತ್ತಿಲ್ಲವೆಂದು ತಮ್ಮ ಡ್ರೈವರ್ ಹೇಳಿದ. ಎಂತಕ್ಕೆಂದು ನನಗೆ ಗೊತ್ತಿಲ್ಲ. ನಾಲ್ಕನೆಯವರಿಗೆ ಮಂಗಳವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಬರಲು ಹೇಳಿ. ಆಮೇಲೆ ನಾನು ಚಿತ್ರದಲ್ಲಿ ಕಂಡಂತೆಯೇ ಇರುತ್ತೇನೆ.