ಹಿಂದೆ ನಾನಿದ್ದೇನಲ್ಲ

ಹೊಸದಾಗಿ ಗಾಡಿ ಕಲಿಯುವವರನ್ನು ಕಂಡರೆ ನಮಗೆಲ್ಲ ಎಲ್ಲಿಲ್ಲದ ವಾತ್ಸಲ್ಯ ಉಕ್ಕಿ ಬರುತ್ತದೆ. ಅವರು ಕೇಳಿರುವುದಿಲ್ಲ, ಆದರೂ ನಾವು ಹೇಳದೆ ಬಿಡುವುದಿಲ್ಲ. "ಹ್ಯಾಂಡಲ್ ಅಷ್ಟು ಗಟ್ಟಿ ಹಿಡೀಬೇಡಿ, ಸಡಿಲವೂ ಬಿಡಬೇಡಿ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅವರು ಎರಡನ್ನೂ ಮಾಡಲಾಗದೆ ಕಂಗಾಲಾಗಿ ನಿಂತಾಗ "ಮೊದಲು ಧೈರ್ಯ ಬೇಕು ಮಾರಾಯ್ರೆ" ಎಂದು ಬೆನ್ನು ತಟ್ಟುತ್ತೇವೆ. ಈ ಉಪದೇಶದ ಚಟ ನನಗೆ ತುಸು ಹೆಚ್ಚಾಗಿಯೇ ಇತ್ತು. ಇತ್ತು ಎನ್ನುವುದಕ್ಕೆ ಕಾರಣವಿದೆ. ಈಗ ನಾನು ಕಾಪುವಿನಲ್ಲಿರುವ ಅಕ್ಕನ ಮನೆಗೆ ಮಣಿಪಾಲದಿಂದ ಬಸ್ಸು ಹಿಡಿದು ಹೋಗುತ್ತೇನೆ. ನನ್ನ ಸ್ಕೂಟರಿಗೆ ಏನೂ ಆಗಿಲ್ಲ, ದಿನಾ ಅದರಲ್ಲೇ ಆಫೀಸಿಗೆ ಹೋಗುತ್ತೇನೆ. ಆದರೆ ಅದನ್ನು ಓಡಿಸಿಕೊಂಡು ಅಕ್ಕನ ಮನೆಯ ಗೇಟಿನೊಳಗೆ ಹೋಗಲು ನನಗೆ ಮುಖವಿಲ್ಲ.

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಗಲ್ಫಿನಲ್ಲಿ ಟ್ರೈಲರ್ ಓಡಿಸುತ್ತಿದ್ದವರು. ಹಿಂದಿನ ಚಕ್ರ ಎಲ್ಲಿದೆ ಎಂದು ನೋಡಬೇಕಾದರೆ ಇಳಿದು ನಡೆದುಕೊಂಡು ಹೋಗಬೇಕಾದಂಥ ಉದ್ದದ ಗಾಡಿ. ಪ್ರಾಯವೆಲ್ಲ ಅಲ್ಲಿನ ಮರಳಿನ ದಾರಿಯಲ್ಲಿ ಕಳೆದು, ಕಳೆದ ವರ್ಷ ಪೂರ್ತಿಯಾಗಿ ಊರಿಗೆ ಬಂದುಬಿಟ್ಟರು. ಬಂದ ಮೇಲೆ ಅವರಿಗೆ ಸುರುವಾದ ತೊಂದರೆ ಒಂದೇ. ಮೀನು ಮಾರ್ಕೆಟಿಗೆ ಹೋಗಲಿ, ಕ್ಷೌರದಂಗಡಿಗೆ ಹೋಗಲಿ, ಮದುವೆ ಹಾಲಿನಲ್ಲಿ ಕೈತೊಳೆಯಲು ನಿಲ್ಲಲಿ, ಎದುರಾದವರೆಲ್ಲ ಕೇಳುವುದು ಎರಡೇ ಪ್ರಶ್ನೆ: "ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುದು?" ಇನ್ನು ಹೋಗಲಿಕ್ಕಿಲ್ಲ ಎಂದರೆ ಯಾರೂ ನಂಬುವುದಿಲ್ಲ, ತಮಾಷೆ ಎಂದುಕೊಂಡು ನಗುತ್ತಾರೆ. ಎಲ್ಲಿಗೆ ಹೊರಟರೂ ಯಾರಾದರೊಬ್ಬರು ಕಾರು ತಂದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ, ಕೆಲಸ ಮುಗಿದ ಮೇಲೆ ಜಾಗ್ರತೆಯಾಗಿ ಮನೆಯಲ್ಲಿ ಇಳಿಸುತ್ತಾರೆ. "ನನ್ನ ಊರಲ್ಲಿ ನಾನು ಲಗೇಜಿನ ಹಾಗೆ ತಿರುಗಿ ಸಾಕಾಯ್ತು ಸುಧಾಕರ" ಎಂದು ಒಂದು ದಿನ ನನ್ನಲ್ಲಿ ಹೇಳಿಕೊಂಡರು. ಮುಂದಿನ ವಾರವೇ ಒಂದು ಮೊಪೆಡ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಕಾರನ್ನೇ ಕೊಳ್ಳಬಹುದಿತ್ತಲ್ಲ ಎಂದು ಕೇಳಿದೆ. "ಕಾರು ತಂದರೆ ಗಲ್ಫಿನವನು ಕಾರು ತಂದ ಅಂತಾರೆ. ಮೊಪೆಡಿನಲ್ಲಿ ತೆಂಗಿನಕಾಯಿ ಮೂಟೆ ಇಟ್ಟುಕೊಂಡು ಹೋಗುವವನ ಹತ್ರ ಯಾರೂ ಯಾವಾಗ ಹೋಗುದು ಅಂತ ಕೇಳುದಿಲ್ಲ" ಎಂದರು. ಅವರು ಕೊಂಡದ್ದು ಬರಿಯ ಗಾಡಿಯಲ್ಲ ಎಂಬುದು ಆಗಲೇ ನನಗೆ ಅರ್ಥವಾಗಬೇಕಿತ್ತು.

ತೊಂದರೆಯೆಂದರೆ, ಅಷ್ಟು ಚಕ್ರದ ಗಾಡಿಯನ್ನು ಪಳಗಿಸಿದವರಿಗೆ ಎರಡು ಚಕ್ರದ್ದು ಬಗ್ಗಲಿಲ್ಲ. ಹುಡುಗನಾಗಿದ್ದಾಗ ಸೈಕಲ್ ತುಳಿದದ್ದು ಬಿಟ್ಟರೆ ಅವರಿಗೆ ಬೇರೆ ಅನುಭವವಿರಲಿಲ್ಲ. ಮೊದಲ ದಿನ ಗೇಟು ದಾಟಿದವರೇ ಗಲ್ಫಿನ ಅಭ್ಯಾಸಬಲದಿಂದ ರಸ್ತೆಯ ಬಲಬದಿಗೆ ಹೋಗಿ, ಎದುರಿನಿಂದ ಬಂದ ಹಾಲಿನ ಟೆಂಪೊದವನಿಗೆ ಗಂಭೀರವಾಗಿ ದಾರಿ ತೋರಿಸುತ್ತಾ ನಿಂತರಂತೆ. ಅಕ್ಕ ಅಂದೇ ನನಗೆ ಫೋನ್ ಮಾಡಿದಳು. "ನೀನೇ ಬಂದು ಒಂದಿಷ್ಟು ಹೇಳಿಕೊಡು ಸುಧಾ. ಮರಳುಗಾಡಿನಿಂದ ಜೀವಸಹಿತ ಬಂದವರು ಶಿರ್ವ ರಸ್ತೆಯಲ್ಲಿ ಹೋಗುವುದು ಬೇಡ" ಎಂದಳು. ನನ್ನ ಎದೆ ಉಬ್ಬಿತು. ಕಾಲೇಜಿನ ದಿನಗಳಿಂದ ಸ್ಕೂಟರ್ ಬಿಡುತ್ತಿರುವವನು ನಾನು. ಬಿದ್ದದ್ದಿಲ್ಲವೆಂದಲ್ಲ. ಒಮ್ಮೆ ನಾಯಿಯಿಂದ, ಒಮ್ಮೆ ಮರಳಿನಿಂದ, ಮತ್ತೊಮ್ಮೆ ಯಾರದೋ ಗೃಹಪ್ರವೇಶದ ಬ್ಯಾನರಿನಿಂದ ಬಿದ್ದಿದ್ದೆ. ನನ್ನಿಂದ ಬಿದ್ದದ್ದು ಎಂಬುದು ಮಾತ್ರ ನನ್ನ ನೆನಪಿನಲ್ಲಿ ಇಲ್ಲ. ನನ್ನ ಹೆಂಡತಿಯ ನೆನಪು ಬೇರೆಯೇ ಇದೆ. ಲೈಸೆನ್ಸಿನ ಪರೀಕ್ಷೆಯಲ್ಲಿ ಎಂಟು ಬರೆಯಲು ಹೇಳಿದ್ದಕ್ಕೆ ನಾನು ಮೈದಾನದಲ್ಲಿ ಬರೆದದ್ದು ಯಾವ ಅಂಕೆ ಎಂದು ಅವಳು ಆಗಾಗ ಕೇಳುತ್ತಿರುತ್ತಾಳೆ.

ಮುಂದಿನ ಭಾನುವಾರ ಬೆಳಿಗ್ಗೆಯೇ ಕಾಪುವಿಗೆ ಹೋಗಿ ಪಾಠ ಸುರು ಮಾಡಿದೆ. ಭಾವ ಶಿಸ್ತಿನ ಶಿಷ್ಯ. ಲುಂಗಿ ಬೇಡವೆಂದೆ, ಪ್ಯಾಂಟು ಹಾಕಿಕೊಂಡು ಬಂದರು. ಹೆಲ್ಮೆಟ್ಟಿನ ಪಟ್ಟಿಯನ್ನು ಕೊರಳಿಗೆ ಬಿಗಿದುಕೊಂಡರು. ನನ್ನ ಪಟ್ಟಿ ಎರಡು ಕಿವಿಯ ಕೆಳಗೆ ಓಲಾಡುತ್ತಿದ್ದುದನ್ನು ನೋಡಿಯೂ ಏನೂ ಹೇಳಲಿಲ್ಲ. ತಿರುವಿನಲ್ಲಿ ಹಾರ್ನ್ ಹಾಕಲು ಹೇಳಿದರೆ ಅವರಿಗೆ ಸಂಕೋಚ. ಅವರು ಇದ್ದ ದೇಶದಲ್ಲಿ ಹಾರ್ನ್ ಹಾಕಿದರೆ ಬೈದ ಹಾಗಂತೆ. ನನ್ನ ಒತ್ತಾಯಕ್ಕೆ ಒಂದು ಸಲ ಒತ್ತಿ, ಎದುರು ಬಂದ ಸೈಕಲಿನವನಿಗೆ "ಸಾರಿ" ಎಂದರು. ನಾನು ನನ್ನ ಅನುಭವದ ಗಂಟನ್ನು ಬಿಚ್ಚಿದೆ. ಬಲಕ್ಕೆ ತಿರುಗುವಾಗ ಕೈ ತೋರಿಸಿದರೆ ಯಾರೂ ನೋಡುವುದಿಲ್ಲ, ಕಾಲನ್ನೇ ಚಾಚಬೇಕು. ಇಂಡಿಕೇಟರ್ ಹಾಕಿದರೆ ಹಿಂದಿನವನಿಗೆ ಅವಸರ ಹೆಚ್ಚಾಗಿ ಅದೇ ಬದಿಯಿಂದ ನುಗ್ಗುತ್ತಾನೆ. ಎಕ್ಸ್‌ಪ್ರೆಸ್ ಬಸ್ಸು ಕಂಡರೆ ಮಣ್ಣಿಗೆ ಇಳಿದುಬಿಡಬೇಕು, ಅದರ ಹೆಸರು ಓದುತ್ತಾ ನಿಲ್ಲಬಾರದು. ಹೈವೇಯಲ್ಲಿ ನಮ್ಮ ಬದಿಯಲ್ಲೇ ಎದುರಿನಿಂದ ಬರುವವರು ಇರುತ್ತಾರೆ, ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ನಾಳೆ ನಾವೂ ಹೋಗಬೇಕಾದೀತು. ಎಲ್ಲವನ್ನೂ ಕೇಳಿದ ಭಾವ, "ಹಾಗಾದರೆ ಇಲ್ಲಿ ರೂಲ್ಸು ಎಂತ?" ಎಂದರು. "ರೂಲ್ಸು ಉಂಟು ಭಾವ, ಅದು ಬೇರೆ. ಇದು ಸುರಕ್ಷತೆ" ಎಂದೆ.

ಅವರಿಗೆ ಇನ್ನೊಂದು ಚಾಳಿ ಇತ್ತು. ರಸ್ತೆಯ ಅಂಚಿನಲ್ಲಿ ಯಾರಾದರೂ ದಾಟಲು ನಿಂತಿದ್ದರೆ ಗಾಡಿ ನಿಲ್ಲಿಸಿಬಿಡುತ್ತಿದ್ದರು. ದಾಟಬೇಕಾದವರು ಗಾಬರಿಯಿಂದ ಹಿಂದೆ ಸರಿಯುತ್ತಿದ್ದರು. ದಾಟುವ ಯೋಚನೆಯೇ ಇಲ್ಲದೆ ಸುಮ್ಮನೆ ನಿಂತಿದ್ದ ಒಬ್ಬರು, ಇವರು ಗಾಡಿ ನಿಲ್ಲಿಸಿ ಕಾಯುತ್ತಿದ್ದಾರಲ್ಲ ಎಂದು ದಾಕ್ಷಿಣ್ಯಕ್ಕೆ ದಾಟಿಯೂ ಬಿಟ್ಟರು. ನಾನು ತಿಳಿಸಿ ಹೇಳಿದೆ: "ಇಲ್ಲಿ ಹಾಗೆ ನಿಲ್ಲಿಸ್ಲಿಕ್ಕೆ ಇಲ್ಲ ಭಾವ. ನಿಲ್ಲಿಸಿದ್ರೆ ಹಿಂದಿನವ ಬಂದು ಗುದ್ದುತ್ತಾನೆ."

"ಹಿಂದಿನವ ಮುಂದೆ ನೋಡುದಿಲ್ವಾ?"

"ನೋಡ್ತಾನೆ. ಆದ್ರೆ ನೀವು ನಿಲ್ತೀರಿ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?"

ಭಾವ ತಲೆಯಾಡಿಸಿದರು. ಒಪ್ಪಿದರು ಎಂದುಕೊಂಡೆ.

ಮೇ ತಿಂಗಳಲ್ಲಿ ಭಾವನಿಗೆ ಕಾರ್ಕಳಕ್ಕೆ ಹೋಗುವ ಆಸೆಯಾಯಿತು. ಮಗಳು ಶ್ವೇತಾಳನ್ನು ಕೊಟ್ಟದ್ದು ಅಲ್ಲಿಗೆ. ಮದುವೆಗೂ ರಜೆಯಲ್ಲಿ ಬಂದು ಹೋದ ಅಪ್ಪ, ಮನೆಯ ಹಲಸಿನ ಹಣ್ಣನ್ನು ತಾನೇ ಗಾಡಿಯಲ್ಲಿ ಇಟ್ಟುಕೊಂಡು ಹೋಗಿ ಮಗಳ ಅಂಗಳದಲ್ಲಿ ಇಳಿಸಬೇಕೆಂದು ಹಟ ಹಿಡಿದರು. ಅಕ್ಕ ಬಿಲ್ಕುಲ್ ಒಪ್ಪಲಿಲ್ಲ. ಆಗ ನಾನು ಹೇಳಿದೆ, "ಹೆದರಬೇಡ ಅಕ್ಕ. ಹಿಂದೆ ನಾನಿದ್ದೇನಲ್ಲ." ಈ ಮಾತನ್ನು ಎಷ್ಟು ಭರವಸೆಯಿಂದ ಹೇಳಿದೆನೆಂದರೆ ಅಕ್ಕ ಕೂಡಲೇ ಒಳಗೆ ಹೋಗಿ ಹಣ್ಣು ಕಟ್ಟಲು ಹಗ್ಗ ತಂದಳು.

ಭಾವ ಮೊಪೆಡಿನಲ್ಲಿ ಮುಂದೆ, ನಾನು ನನ್ನ ಸ್ಕೂಟರಿನಲ್ಲಿ ಹಿಂದೆ. ಶಿರ್ವ, ಬೆಳ್ಮಣ್ ದಾಟುವ ತನಕ ಅವರು ಚೆನ್ನಾಗಿಯೇ ಹೋದರು. ಎಡಬದಿ ಬಿಡಲಿಲ್ಲ, ವೇಗ ಹೆಚ್ಚಿಸಲಿಲ್ಲ. ನಿಜ ಹೇಳಬೇಕೆಂದರೆ ಹಿಂದಿನಿಂದ ನಾನು ಹೇಳಬೇಕಾದದ್ದು ಏನೂ ಇರಲಿಲ್ಲ. ಆದರೆ ಅಷ್ಟು ದೂರ ಬಾಯಿ ಮುಚ್ಚಿಕೊಂಡು ಬರಲು ನನ್ನಿಂದಾಗಬೇಕಲ್ಲ. "ಹೊಂಡ ಉಂಟು", "ನಾಯಿ ಉಂಟು", "ಹಂಪ್ ಉಂಟು" ಎಂದು ಕೂಗುತ್ತಲೇ ಇದ್ದೆ. ಅವರು ಹೆಲ್ಮೆಟ್ ಬಿಗಿದುಕೊಂಡಿದ್ದರಿಂದ ದೂರದಿಂದ ಕೂಗಿದರೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಹತ್ತಿರ ಹತ್ತಿರವೇ ಹೋಗುತ್ತಿದ್ದೆ. ಕಾರ್ಕಳ ಪೇಟೆಗೆ ಬರುವಾಗ ನನ್ನ ಮುಂದಿನ ಚಕ್ರಕ್ಕೂ ಅವರ ನಂಬರ್ ಪ್ಲೇಟಿಗೂ ನಡುವೆ ಒಂದು ಕೊಡೆ ಅಡ್ಡ ಹಿಡಿಯುವಷ್ಟೂ ಜಾಗವಿರಲಿಲ್ಲ. ಅವರ ಮುಂದೆ ಒಂದು ಬಸ್ಸು ಹೋಗುತ್ತಿತ್ತು. ಭಾವ ಅದರ ಹಿಂದೆಯೇ ಹೋಗುತ್ತಿದ್ದಾರೆಂದು ನನಗೆ ಆತಂಕವಾಗಿ ದೊಡ್ಡ ದನಿಯಲ್ಲಿ, "ಭಾವ, ಅಂತರ ಇಟ್ಟುಕೊಳ್ಳಿ, ಅಂತರ" ಎಂದು ಕೂಗಿದೆ. ಎರಡನೆಯ ಅಂತರ ಬಾಯಿಂದ ಹೊರಟದ್ದೂ, ಭಾವ ಬ್ರೇಕ್ ಹಿಡಿದದ್ದೂ, ನಾನು ಹೋಗಿ ಅವರಿಗೆ ಗುದ್ದಿದ್ದೂ ಒಟ್ಟಿಗೇ ನಡೆದವು.

ಮೊಪೆಡ್ ಪಕ್ಕಕ್ಕೆ ವಾಲಿತು. ಭಾವನ ಕಾಲು ಅದರ ಅಡಿಗೆ ಸಿಕ್ಕಿತು. ಹಲಸಿನ ಹಣ್ಣು ಉರುಳಿ ಹೋಗಿ ರಿಕ್ಷಾ ನಿಲ್ದಾಣದ ಎದುರು ಬಾಯಿ ಬಿಟ್ಟಿತು. ಜನ ಸೇರಿದರು. ಸೇರಿದವರು ಭಾವನನ್ನು ಎತ್ತಿ ಅಂಗಡಿಯ ಬೆಂಚಿನಲ್ಲಿ ಕೂರಿಸಿ, ನೀರು ಕೊಟ್ಟು, ಆಮೇಲೆ ಬೈಯತೊಡಗಿದರು. "ನಡುರಸ್ತೆಯಲ್ಲಿ ಹೀಗೆ ನಿಲ್ಲಿಸ್ತಾರಾ? ಈ ಪ್ರಾಯದಲ್ಲಿ ಇದೆಲ್ಲ ಕಲೀಲಿಕ್ಕೆ ಹೋಗಬಾರ್ದು." ನನಗೆ ಮಾತ್ರ ಯಾರೂ ಬೈಯಲಿಲ್ಲ. ಒಬ್ಬರಂತೂ ನನ್ನ ಭುಜದ ಧೂಳು ಒರೆಸಿ "ನಿಮಗೆ ಪೆಟ್ಟಾಯ್ತಾ?" ಎಂದರು. ನಾನು ತಪ್ಪು ನನ್ನದೆಂದು ಹೇಳಬೇಕಿತ್ತು. ಹೇಳಲಿಲ್ಲ. ಹೇಳದಿದ್ದರೆ ಹೋಗಲಿ, ಅವರು ಬೈಯುವಾಗ ಹೌದು ಎಂಬಂತೆ ಸಣ್ಣಗೆ ತಲೆ ಆಡಿಸಿದೆ. ಅದನ್ನು ನೆನೆದರೆ ಇವತ್ತಿಗೂ ಊಟದ ನಡುವೆ ಕೈ ನಿಂತುಬಿಡುತ್ತದೆ.

ಆಗ ರಸ್ತೆಯ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಮುಂದೆ ಬಂದರು. "ಅವರಿಗೆ ಎಂತಕ್ಕೆ ಬೈಯುದು? ಅವರು ನಿಲ್ಲಿಸಿದ್ದು ನನಗೆ ದಾಟ್ಲಿಕ್ಕೆ. ಇವರೇ ಬೊಬ್ಬೆ ಹಾಕ್ತಾ ಬಂದು ಗುದ್ದಿದ್ದು" ಎಂದು ಕೊಡೆಯನ್ನು ನನ್ನ ಕಡೆ ತಿರುಗಿಸಿದರು. ಎಲ್ಲರೂ ನನ್ನ ಮುಖ ನೋಡಿದರು. ಭುಜದ ಧೂಳು ಒರೆಸಿದವರು ಕೈ ಹಿಂದೆ ತೆಗೆದರು. ನಾನು ಭಾವನ ಬಳಿ ಹೋಗಿ, ಏನಾದರೂ ಹೇಳಬೇಕಲ್ಲ ಎಂದು, "ನೀವು ನಿಲ್ತೀರಿ ಅಂತ ಗೊತ್ತಾಗಲಿಲ್ಲ ಭಾವ" ಎಂದೆ.

"ಝೀಬ್ರಾ ಉಂಟಲ್ಲ" ಎಂದರು.

ನೋಡಿದೆ. ಹೌದು, ಮಾಸಿಹೋದ ಬಿಳಿ ಪಟ್ಟಿಗಳಿದ್ದವು. ಆಗ ನನ್ನ ಬಾಯಿಂದ ಬಂದ ಮಾತು ಹೀಗಿತ್ತು: "ಝೀಬ್ರಾ ಇದ್ರೆ ನಿಲ್ಲಿಸುದಾ?"

ಭಾವ ಬಗ್ಗಿ ಊದುತ್ತಿದ್ದ ಪಾದವನ್ನು ಮುಟ್ಟಿ ನೋಡಿಕೊಂಡರು. ಮೆಲ್ಲಗೆ, "ನೀನು ಹೇಳಿದ್ದು ನೆನಪಿತ್ತು ಮಾರಾಯ. ಬೇರೆ ಯಾರಾದ್ರೂ ಹಿಂದೆ ಇದ್ದಿದ್ರೆ ನಿಲ್ಲಿಸ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ, ನೀನಿದ್ದಿ. ಆ ಧೈರ್ಯದಿಂದ ನಿಲ್ಲಿಸಿದೆ" ಎಂದರು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಪಾದದ ಮೂಳೆಯಲ್ಲಿ ಬಿರುಕು ಬಿಟ್ಟಿತ್ತು. ಪಟ್ಟಿ ಹಾಕಿಸಿಕೊಂಡು ಭಾವ ಜಗಲಿಯ ಕುರ್ಚಿಯಲ್ಲಿ ಕೂರುವಂತಾಯಿತು. ನೆಂಟರೆಲ್ಲ ನೋಡಲು ಬಂದರು. ಗುದ್ದಿದ ಗಾಡಿ ಸಿಕ್ಕಿತೋ ಎಂದು ಕೇಳಿದರು. "ಸಿಗದೆ ಎಂತ, ನಮ್ಮ ಸುಧಾಕರನದ್ದೇ" ಎಂದು ಅಕ್ಕ ಚಾ ಕೊಡುತ್ತಾ ಹೇಳುತ್ತಿದ್ದಳು. ನನಗೆ ಎಂದಿನಂತೆ ನೀರುದೋಸೆ ಬಡಿಸಿದಳು, ಆದರೆ ಇನ್ನೊಂದು ಹಾಕಲೇ ಎಂದು ಕೇಳಲಿಲ್ಲ. ಮೊಪೆಡನ್ನು ಮಾರುವುದೆಂದು ತೀರ್ಮಾನಿಸಿ ಅದಕ್ಕೆ ಟಾರ್ಪಾಲು ಹೊದಿಸಿದ್ದಳು. ಭಾವ ಕುಳಿತಲ್ಲಿಂದ ಆ ಟಾರ್ಪಾಲನ್ನೇ ನೋಡುತ್ತಿರುತ್ತಿದ್ದರು. ಒಂದು ಸಂಜೆ ನಾನು ಅಲ್ಲೇ ಕುಳಿತಿದ್ದಾಗ ಬಂದ ನೆಂಟರೊಬ್ಬರು, "ಕಾಲು ಸರಿಯಾದ ಮೇಲೆ ಯಾವಾಗ ಹೋಗುದು?" ಎಂದು ಕೇಳಿದರು. ಎಲ್ಲಿಗೆ ಎಂದು ಹೇಳಬೇಕಾಗಿರಲಿಲ್ಲ. ಭಾವ ನಕ್ಕು, "ನೋಡುವಾ" ಎಂದರು. ಹೋಗಲಿಕ್ಕಿಲ್ಲ ಎನ್ನುತ್ತಿದ್ದವರು ಹಾಗೆಂದಾಗ ನನಗೆ ಕುಳಿತ ಜಾಗದಲ್ಲಿ ಕೂರಲಾಗಲಿಲ್ಲ. ಊರಿನಲ್ಲಿ ಊರಿನವರಾಗಲು ಅವರು ಹಿಡಿದಿದ್ದ ಒಂದೇ ದಾರಿಯನ್ನು ನಾನು ಹಿಂದಿನಿಂದ ಬಂದು ಮುರಿದುಹಾಕಿದ್ದೆ.

ಅಡುಗೆಮನೆಗೆ ಹೋಗಿ ಅಕ್ಕನಲ್ಲಿ ಗಾಡಿ ಮಾರಬೇಡ ಎಂದು ಬೇಡಿಕೊಂಡೆ. "ಮಾರದೆ? ಹಿಂದೆ ಯಾರಿರುದು, ನೀನಾ?" ಎಂದಳು.

"ಯಾರೂ ಬೇಡ ಅಕ್ಕ. ಅವರು ಸರಿಯಾಗಿಯೇ ಬಿಡ್ತಾರೆ. ಒಬ್ಬರೇ ಹೋಗಲಿ" ಎಂದೆ. ಅಕ್ಕ ಕಾವಲಿಗೆ ಇನ್ನೊಂದು ದೋಸೆ ಹೊಯ್ದಳು. ನನ್ನ ಜೀವಮಾನದ ಉಪದೇಶಗಳಲ್ಲಿ ಫಲ ಕೊಟ್ಟದ್ದು ಬಹುಶಃ ಅದೊಂದೇ. ಮಳೆಗಾಲ ಮುಗಿದ ಮೇಲೆ ಭಾವ ಮತ್ತೆ ಗಾಡಿ ಹತ್ತಿದರು. ಕಾರ್ಕಳಕ್ಕೂ ಒಬ್ಬರೇ ಹೋಗಿ ಬಂದರು. ಮೊನ್ನೆ ಫೋನ್ ಮಾಡಿ, ಮೀನಿನ ಚೀಲ ನೇತುಹಾಕಿಕೊಂಡು ಬರುವಾಗ ಯಾರೋ ಅಪರಿಚಿತರು ಅಡ್ಡ ನಿಲ್ಲಿಸಿ "ಮಾರ್ಕೆಟಿನಲ್ಲಿ ಬಂಗುಡೆ ಬಂದಿದೆಯಾ?" ಎಂದು ಕೇಳಿದರೆಂದು ಹೇಳಿದರು. ಅಷ್ಟೇ ವಿಷಯ. ಅದನ್ನು ಹೇಳಿ ಸಂತೋಷದಿಂದ ಫೋನ್ ಇಟ್ಟರು.

ನಾನೂ ಸ್ವಲ್ಪ ಸುಧಾರಿಸಿದ್ದೇನೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತೇನೆ. ಕಳೆದ ವಾರ ಆಫೀಸಿಗೆ ಹೋಗುವಾಗ ಮಣಿಪಾಲದಲ್ಲಿ ಒಂದು ಝೀಬ್ರಾದ ಪಕ್ಕ ಅಜ್ಜರೊಬ್ಬರು ನಿಂತಿರುವುದು ಕಂಡಿತು. ಕನ್ನಡಿ ನೋಡಿ, ನಿಧಾನಿಸಿ, ನಿಲ್ಲಿಸಿದೆ. ಅಜ್ಜ ದಾಟಲಿಲ್ಲ, "ನೀವು ಹೋಗಿ" ಎಂದು ಕೈ ಮಾಡಿದರು. "ನೀವು ಹೋಗಿ" ಎಂದು ನಾನೂ ಕೈ ಮಾಡಿದೆ. ಹಿಂದೆ ಹಾರ್ನುಗಳು ಮೊಳಗಿದವು. ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದ ಹೆಂಗಸೊಬ್ಬರು ನನ್ನ ಪಕ್ಕ ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಲ್ಲಿಲ್ಲದ ವಾತ್ಸಲ್ಯದಿಂದ, "ಹೊಸತಾಗಿ ಕಲಿಯುದಾ ಅಣ್ಣ?" ಎಂದು ಕೇಳಿದರು.

ಹೌದು ಎಂದೆ.

"ಇಲ್ಲಿ ಹಾಗೆ ನಿಲ್ಲಿಸ್ಲಿಕ್ಕೆ ಇಲ್ಲ. ಇವತ್ತು ಹಿಂದೆ ನಾನಿದ್ದೆ, ಹಾಗಾಗಿ ಆಯ್ತು. ಬೇರೆ ಯಾರಾದ್ರೂ ಆಗಿದ್ರೆ ಬಂದು ಗುದ್ದುತ್ತಿದ್ರು."

"ಹೌದಮ್ಮ, ಅಂಥವರು ಇದ್ದಾರೆ" ಎಂದೆ. "ನನಗೆ ಒಬ್ಬರ ಪರಿಚಯ ಉಂಟು."